ಹಾರ್ಡ್ ಡಿಸ್ಕ್ ಬಯೋಸ್‌ನಲ್ಲಿ ಕಾಣುತ್ತದೆಯೇ? ಮೊದಲು ಅದನ್ನು ನೋಡಿ

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಸಮೀಪದವರು. ಮನೆಯಲ್ಲಿ ಏಳು ವರ್ಷ ಹಳೆಯ ಡೆಸ್ಕ್‌ಟಾಪ್ ಇದೆ. ವಿಂಡೋಸ್ ಚಿಕ್ಕದೊಂದು ಎಸ್‌ಎಸ್‌ಡಿಯಲ್ಲಿದೆ (ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳ ಡ್ರೈವ್). ತೋಟದ ಲೆಕ್ಕ, ಮಕ್ಕಳ ಫೋಟೊಗಳು, ಐನ್‌ಮನೆಯ (ಕುಟುಂಬದ ಮೂಲಮನೆ) ಪುತ್ತರಿ ಹಬ್ಬದ ವಿಡಿಯೊಗಳು ಎಲ್ಲವೂ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿವೆ. ಜುಲೈ ಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಕಂಪ್ಯೂಟರ್ ಆನ್ ಆಯಿತು, ವಿಂಡೋಸ್ ಕೂಡ ತೆರೆದುಕೊಂಡಿತು, ಆದರೆ ಹಾರ್ಡ್ ಡಿಸ್ಕ್ ಮಾತ್ರ ಕಾಣುತ್ತಿಲ್ಲ. ಎರಡು ಸಲ ತಾನಾಗಿಯೇ ಕಾಣಿಸಿಕೊಂಡು ಮತ್ತೆ ಮಾಯವಾಯಿತು. ಡಿಸ್ಕ್ ಸತ್ತಿದೆ, ಹೊಸದು ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ ನೆಂಟರೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ‘ಎರಡು ಸಲ ತಾನಾಗಿಯೇ ಕಾಣಿಸಿಕೊಂಡು’ ಎಂದು ನೀವು ಸುಮ್ಮನೆ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಬೇಕಾಗಿದ್ದ ಸಂಗತಿ ಅದೇ. ಸತ್ತ ಡಿಸ್ಕ್ ಎದ್ದು ಬಂದು ಮುಖ ತೋರಿಸಿ ಹೋಗುವುದಿಲ್ಲ. ಬಂದು ಹೋಗುವ ಡಿಸ್ಕ್ ಎಂದರೆ ಎಲ್ಲೋ ಸಂಪರ್ಕ ಕೆಟ್ಟಿರಬೇಕು, ಅಥವಾ ಅದಕ್ಕೆ ಸಾಕಷ್ಟು ವಿದ್ಯುತ್ ಸಿಗುತ್ತಿರಲಿಕ್ಕಿಲ್ಲ, ಇಲ್ಲವೇ ಡಿಸ್ಕಿಗೇ ಮುಪ್ಪು ಬಂದು ಏದುಸಿರು ಬಿಡುತ್ತಿರಬೇಕು. ಮೊದಲನೆಯದಾದರೆ ಒಂದು ಕೇಬಲ್ಲಿನ ಖರ್ಚಿನಲ್ಲಿ ಮುಗಿಯಬಹುದು. ಕೊನೆಯದಾದರೆ ಡಿಸ್ಕಿಗೆ ಉಳಿದಿರುವುದು ಕೆಲವೇ ಗಂಟೆಗಳ ಆಯುಸ್ಸಾಗಿರಬಹುದು, ಅದನ್ನು ಆನ್ ಆಫ್ ಮಾಡಿ ನೋಡುವುದರಲ್ಲಿ ಕಳೆಯಬಾರದು. ಕೊನೆಯದೇ ಇರಬಹುದೆಂದು ಭಾವಿಸಿ ನಡೆದುಕೊಳ್ಳಿ. ಅಲ್ಲವೆಂದು ಗೊತ್ತಾದರೆ ನಷ್ಟವೇನಿಲ್ಲ.

ಹಾಗಾಗಿ ಮೊದಲ ಮಾತು: ಡಿಸ್ಕ್ ಮೂರನೆಯ ಸಲ ಕಾಣಿಸಿಕೊಂಡರೆ ಖುಷಿಯಿಂದ ಹಳೆಯ ಫೋಟೊಗಳನ್ನು ನೋಡುತ್ತಾ ಕೂರಬೇಡಿ. ಒಂದು ಪೆನ್ ಡ್ರೈವ್ ಚುಚ್ಚಿ ತೋಟದ ಲೆಕ್ಕದ ಕಡತಗಳನ್ನು ಮೊದಲು ನಕಲು ಮಾಡಿ. ಅವು ಚಿಕ್ಕವು, ಎರಡು ನಿಮಿಷದ ಕೆಲಸ. ಆಮೇಲೆ ಫೋಟೊ, ಕೊನೆಗೆ ವಿಡಿಯೊ. ಗಾತ್ರದಲ್ಲಿ ದೊಡ್ಡದನ್ನು ಮೊದಲು ಹಿಡಿದವರು ಅರ್ಧ ದಾರಿಯಲ್ಲಿ ಡಿಸ್ಕ್ ನಿಂತು ಎರಡನ್ನೂ ಕಳೆದುಕೊಂಡದ್ದನ್ನು ಕಂಡಿದ್ದೇನೆ.

ಇನ್ನು ಪತ್ತೆಯ ಕೆಲಸ. ಮನೆಯಲ್ಲಿ ದೀಪ ಹತ್ತದಿದ್ದರೆ ಲೈನ್‌ಮ್ಯಾನ್ ಬಲ್ಬ್ ಬದಲಿಸುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನಲ್ಲಿ ಇದೆಯೇ, ಕಂಬದಲ್ಲಿ ಇದೆಯೇ, ಮೀಟರಿನವರೆಗೆ ಬಂದಿದೆಯೇ ಎಂದು ನೋಡುತ್ತಾ ಬರುತ್ತಾನೆ. ಡಿಸ್ಕಿನ ವಿಷಯವೂ ಹಾಗೆಯೇ. ಅದು ತಿರುಗಬೇಕು. ತಿರುಗಿದ್ದನ್ನು ಮದರ್‌ಬೋರ್ಡ್ ಗುರುತಿಸಬೇಕು. ಮದರ್‌ಬೋರ್ಡ್ ಗುರುತಿಸಿದ್ದನ್ನು ವಿಂಡೋಸ್ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ ಅದರೊಳಗಿನ ಕಡತಗಳ ಪಟ್ಟಿಯನ್ನು ಓದಬೇಕು. ಇಷ್ಟೂ ಆದ ಮೇಲೆಯೇ ನಿಮ್ಮ ಕಣ್ಣಿಗೆ ಡಿ ಡ್ರೈವ್ ಬೀಳುವುದು. ಕೊಂಡಿ ಎಲ್ಲಿ ಕಳಚಿದೆ ಎಂದು ತಿಳಿಯದೆ ಹೊಸ ಡಿಸ್ಕ್ ಕೊಳ್ಳುವುದೂ ಫಾರ್ಮ್ಯಾಟ್ ಮಾಡುವುದೂ ಕಣ್ಣು ಮುಚ್ಚಿ ಕಲ್ಲು ಹೊಡೆದ ಹಾಗೆ.

ತಿರುಗುತ್ತಿದೆಯೇ ಎಂದು ತಿಳಿಯಲು ಕಿವಿ ಸಾಕು ಎಂದು ಎಲ್ಲರೂ ಬರೆಯುತ್ತಾರೆ. ಅವರು ಜಡಿಮಳೆಯ ಕಕ್ಕಡ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಕುಳಿತು ಕೇಳಿದವರಲ್ಲ. ನಮ್ಮಲ್ಲಿ ಬೆರಳೇ ವಾಸಿ. ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ತೆಗೆದು, ಆನ್ ಮಾಡುವಾಗ ಡಿಸ್ಕಿನ ಲೋಹದ ಅಂಚಿಗೆ ಬೆರಳ ತುದಿಯನ್ನು ಮೆಲ್ಲನೆ ಒತ್ತಿ ಹಿಡಿಯಿರಿ. ಕೆಳಭಾಗದ ಹಸಿರು ಹಲಗೆಯನ್ನು (ಸರ್ಕ್ಯೂಟ್ ಬೋರ್ಡ್) ಮುಟ್ಟಬೇಡಿ. ತಿರುಗಲು ಶುರುವಾದರೆ ಸಣ್ಣ ನಡುಕ ಹುಟ್ಟಿ, ಏರಿ, ಕೆಲವು ಸೆಕೆಂಡುಗಳಲ್ಲಿ ಒಂದೇ ಸಮನಾಗುತ್ತದೆ. ನಡುಕ ಶುರುವಾಗಿ ನಿಂತು ಮತ್ತೆ ಶುರುವಾದರೆ ವಿದ್ಯುತ್ ಸಾಲುತ್ತಿಲ್ಲ ಅಥವಾ ಮೋಟರು ಬಿಗಿಯಾಗಿದೆ. ನಡುಕವೇ ಇಲ್ಲದಿದ್ದರೆ ಡಿಸ್ಕಿಗೆ ವಿದ್ಯುತ್ ತಲುಪುತ್ತಿಲ್ಲ, ಇಲ್ಲವೇ ಹಲಗೆ ಸುಟ್ಟಿದೆ. ಟಕ್ ಟಕ್ ಎಂದು ಒಂದೇ ಲಯದಲ್ಲಿ ಬೆರಳಿಗೆ ಬಡಿದರೆ ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಅದು ಓದುವ ತಲೆ ತನ್ನ ಜಾಗ ಸಿಗದೆ ತಡಕಾಡುವ ಸದ್ದು. ಆ ತಲೆ ಮಾಹಿತಿ ಬರೆದಿರುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಲೆ ಹಾಳಾಗಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಯನ್ನು ಕೆರೆಯುತ್ತದೆ, ಕೆರೆದಷ್ಟೂ ಪುತ್ತರಿ ವಿಡಿಯೊ ಪುಡಿಯಾಗುತ್ತದೆ. ಅಂಥ ಡಿಸ್ಕಿಗೆ ಬೆಂಗಳೂರಿನಂಥ ಊರಿನ ದತ್ತಾಂಶ ಮರುಪಡೆಯುವ ಪ್ರಯೋಗಾಲಯವೇ ಗತಿ, ಮನೆಮದ್ದು ಇಲ್ಲ.

ನಿಮ್ಮದು ಬಂದು ಹೋಗುವ ಡಿಸ್ಕ್ ಆದ್ದರಿಂದ ನನ್ನ ಅನುಮಾನ ಇರುವುದು ಕನೆಕ್ಟರುಗಳ ಮೇಲೆ. ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವ ‘ಸತ್ತ’ ಡಿಸ್ಕುಗಳಲ್ಲಿ ಎಷ್ಟೋ ಬರೀ ಕಿಲುಬಿನ ಕಾಟದವು. ಚಪ್ಪಲಿಗೆ ಬೂಷ್ಟು ಹಿಡಿಯುವ, ಉಪ್ಪು ನೀರಾಗುವ ಹವೆಯಲ್ಲಿ ಮೂರು ದಿನ ಆಫ್ ಆಗಿ ತಣ್ಣಗಾದ ಯಂತ್ರದೊಳಗೆ ಏನಾಗಿರುತ್ತದೆ ಎಂದು ಯೋಚಿಸಿ. ದಿನವೂ ಓಡುವ ಕಂಪ್ಯೂಟರ್ ತನ್ನ ಶಾಖದಿಂದಲೇ ಒಣಗಿಕೊಂಡಿರುತ್ತದೆ. ನಿಂತ ಮೇಲೆ ತೇವ ಕೂರುತ್ತದೆ.

ಕ್ರಮ ಹೀಗೆ. ಗೋಡೆಯ ಪ್ಲಗ್ ಕಿತ್ತು, ಕಂಪ್ಯೂಟರಿನ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಕೈಯ ಸ್ಥಿರ ವಿದ್ಯುತ್ತನ್ನೂ ಕಳೆಯಿರಿ. ಡಿಸ್ಕಿಗೆ ಎರಡು ಕನೆಕ್ಟರುಗಳಿರುತ್ತವೆ: ಏಳು ಲೋಹದ ಪಟ್ಟಿಗಳ ಕಿರಿದಾದದ್ದು ಮಾಹಿತಿಗೆ, ಹದಿನೈದು ಪಟ್ಟಿಗಳ ಅಗಲದ್ದು ವಿದ್ಯುತ್ತಿಗೆ. ಎರಡನ್ನೂ ನೇರವಾಗಿ ಎಳೆದು ತೆಗೆಯಿರಿ, ಅಲುಗಾಡಿಸಿ ಕೀಳಬೇಡಿ, ಪ್ಲಾಸ್ಟಿಕ್ ನಾಲಿಗೆ ಸುಲಭವಾಗಿ ಮುರಿಯುತ್ತದೆ. ಟಾರ್ಚ್ ಹಾಕಿ ನೋಡಿದರೆ ಚಿನ್ನದ ಬಣ್ಣದ ಪಟ್ಟಿಗಳು ಕಾಣುತ್ತವೆ. ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ, ನೂಲೆಳೆ ಬಿಡದ ಬಟ್ಟೆಯಿಂದ ಒರಸಿ ಒಣಗಲು ಬಿಡಿ. ಮತ್ತೆ ಕೂರಿಸಿ, ತೆಗೆದು, ಕೂರಿಸಿ. ಎರಡು ಮೂರು ಸಲ ತಿಕ್ಕಾಡಿದರೆ ಕಿಲುಬಿನ ಪೊರೆ ಹರಿಯುತ್ತದೆ. ಇಪ್ಪತ್ತು ಸಲ ಬೇಡ. ಸಾಟಾ ಎಂದು ಕರೆಯುವ, ಕ್ಯಾಬಿನೆಟ್ಟಿನೊಳಗಿನ ಈ ಕನೆಕ್ಟರುಗಳನ್ನು ಸುಮಾರು 50 ಸಲ ಹಾಕಿ ತೆಗೆಯುವ ಬಾಳಿಕೆಗಷ್ಟೇ ಮಾಡಿರುತ್ತಾರೆ.

ಆಮೇಲೆ ಮಾಹಿತಿಯ ಕೇಬಲ್ಲನ್ನು ಬದಲಿಸಿ. ಎಸ್‌ಎಸ್‌ಡಿಗೂ ಅಂಥದೇ ಕೇಬಲ್ ಇದ್ದರೆ ಪರೀಕ್ಷೆಗೆ ಅದೇ ಸಾಕು, ಚೆನ್ನಾಗಿರುವುದು ಅದೊಂದೇ ಎಂದು ನಮಗೆ ಗೊತ್ತಿದೆಯಲ್ಲ. ವಿದ್ಯುತ್ತಿನ ಕನೆಕ್ಟರನ್ನೂ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಬರುವ ಇನ್ನೊಂದಕ್ಕೆ ಬದಲಿಸಿ. ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಹಾಕಿಯೂ ನೋಡಿ. ಇಲ್ಲೊಂದು ಗುಂಡಿ ಇದೆ, ಬೀಳಬೇಡಿ: ನಿಮ್ಮ ಎಸ್‌ಎಸ್‌ಡಿ ಚೂಯಿಂಗ್ ಗಮ್ ಪಟ್ಟಿಯ ಹಾಗೆ ನೇರವಾಗಿ ಬೋರ್ಡಿಗೆ ಕೂರುವ ಎಂ.2 ಬಗೆಯದಾದರೆ, ಅನೇಕ ಬೋರ್ಡುಗಳಲ್ಲಿ ಅದು ಒಂದೆರಡು ಸಾಟಾ ಪೋರ್ಟುಗಳನ್ನು ನುಂಗಿಬಿಡುತ್ತದೆ. ಆ ಪೋರ್ಟಿಗೆ ಹಾಕಿದ ಡಿಸ್ಕ್ ಎಷ್ಟು ಗಟ್ಟಿಮುಟ್ಟಾಗಿದ್ದರೂ ಕಾಣುವುದಿಲ್ಲ. ಯಾವ ಪೋರ್ಟ್ ಎಂಬುದು ಬೋರ್ಡಿನ ಕೈಪಿಡಿಯಲ್ಲಿರುತ್ತದೆ.

ಕಿಲುಬಿಗೆ ಇನ್ನೊಂದು ಅಡಗುತಾಣವಿದೆ, ಅದು ಹೊರಗಿನಿಂದ ಕಾಣುವುದಿಲ್ಲ. ಡಿಸ್ಕಿನ ತಳದ ಹಸಿರು ಹಲಗೆಯ ಒಳಮುಖದಲ್ಲಿ ಸಾಲಾಗಿ ಚಿಕ್ಕ ಲೋಹದ ಚುಕ್ಕೆಗಳಿರುತ್ತವೆ. ಒಳಗಿನ ತಲೆಗೂ ಮೋಟರಿಗೂ ಸಂಪರ್ಕ ಅವುಗಳ ಮೂಲಕವೇ. ಹೋದ ಮಳೆಗಾಲ ಒಂದು ಡಿಸ್ಕ್ ಬಂದಿತ್ತು, ನಿಮ್ಮದರ ಹಾಗೆಯೇ ಬಂದು ಹೋಗುವುದು. ನಕ್ಷತ್ರಾಕಾರದ ತಲೆಯ ಸ್ಕ್ರೂಗಳನ್ನು ಬಿಚ್ಚಿ ಹಲಗೆಯನ್ನು ಮಗುಚಿದರೆ, ಬೆಳ್ಳಗಿರಬೇಕಾದ ಆ ಚುಕ್ಕೆಗಳು ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿದ್ದವು. ಮಗಳ ಪೆನ್ಸಿಲ್ ಡಬ್ಬಿಯಿಂದ ಬಿಳಿ ರಬ್ಬರ್ ತೆಗೆದುಕೊಂಡು ಮೆಲ್ಲನೆ ತಿಕ್ಕಿದೆ, ಪುಡಿಯನ್ನು ಬ್ರಷ್‌ನಿಂದ ಗುಡಿಸಿ, ಆಲ್ಕೊಹಾಲಿನಲ್ಲಿ ಒರಸಿ, ಹಾಗೆಯೇ ಕೂರಿಸಿದೆ. ಡಿಸ್ಕ್ ಅಂದು ಸಂಜೆಯೇ ಎಲ್ಲ ಕಡತಗಳನ್ನೂ ಒಪ್ಪಿಸಿತು. ಈ ಕೆಲಸದಲ್ಲಿ ಡಿಸ್ಕಿನ ಮುಚ್ಚಿದ ಕೋಣೆಯನ್ನು ತೆರೆಯುವುದಿಲ್ಲ, ಆದ್ದರಿಂದ ಧೂಳಿನ ಭಯವಿಲ್ಲ. ಆದರೂ ಅಭ್ಯಾಸವಿಲ್ಲದವರಿಗೆ ನಾನು ಹೇಳುವುದಿಲ್ಲ. ಮೊಬೈಲ್ ರಿಪೇರಿ ಮಾಡುವ, ಕೈ ನಡುಗದ ಒಬ್ಬರನ್ನು ಹಿಡಿಯಿರಿ. ಮೇಲಿನ ಮುಚ್ಚಳಕ್ಕೆ ಮಾತ್ರ ಯಾರೂ ಸ್ಕ್ರೂಡ್ರೈವರ್ ಹಾಕಬಾರದು.

ಮುಂದಿನದು ಎಸ್‌ಎಂಪಿಎಸ್. ದೊಡ್ಡ ಹಾರ್ಡ್ ಡಿಸ್ಕಿನ ಮೋಟರು 12 ವೋಲ್ಟಿನಲ್ಲಿ ಓಡುತ್ತದೆ, ಹಲಗೆ 5 ವೋಲ್ಟಿನಲ್ಲಿ. ಓಡುತ್ತಿರುವಾಗ ಮೋಟರಿಗೆ ಬೇಕಾದದ್ದು ಸ್ವಲ್ಪವೇ. ನಿಂತಲ್ಲಿಂದ ತಿರುಗಲು ಶುರುವಾಗುವ ಆ ಕ್ಷಣಕ್ಕೆ ಮಾತ್ರ ಎರಡು ಆಂಪಿಯರ್‌ವರೆಗೂ ಎಳೆಯುತ್ತದೆ. ಏಳು ವರ್ಷದ ಎಸ್‌ಎಂಪಿಎಸ್‌ನಲ್ಲಿ ವಿದ್ಯುತ್ ಹಿಡಿದಿಡುವ ಕೆಪಾಸಿಟರುಗಳು ಬತ್ತಿದ್ದರೆ ಆ ಎಳೆತಕ್ಕೆ ವೋಲ್ಟೇಜ್ ಕುಸಿಯುತ್ತದೆ. ಎಸ್‌ಎಸ್‌ಡಿಗೆ ಮೋಟರೇ ಇಲ್ಲ, ಹಾಗಾಗಿ ವಿಂಡೋಸ್ ಏನೂ ಆಗದ ಹಾಗೆ ಎದ್ದು ಕೂರುತ್ತದೆ. ನಿಮ್ಮಲ್ಲಿ ಆಗಿರುವುದು ಇದಕ್ಕೂ ಹೊಂದುತ್ತದೆ. ಪರೀಕ್ಷೆ ಸುಲಭ: ಕಂಪ್ಯೂಟರನ್ನು ಆನ್ ಮಾಡಿ, ವಿಂಡೋಸ್ ಬಂದ ಮೇಲೆ ಆಫ್ ಮಾಡದೆ ರೀಸ್ಟಾರ್ಟ್ ಮಾಡಿ. ತಣ್ಣಗಿನ ಆರಂಭದಲ್ಲಿ ಕಾಣದ ಡಿಸ್ಕ್ ರೀಸ್ಟಾರ್ಟ್ ಆದಾಗ ಕಂಡರೆ, ತಿರುಗಲು ತಡಮಾಡುತ್ತಿದೆ ಎಂದರ್ಥ. ಆಗ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ತನ್ನು. ಬಯೋಸ್‌ನ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡಿನದೇ ತಂತ್ರಾಂಶ) ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ವೋಲ್ಟೇಜುಗಳು ಕಾಣುತ್ತವೆ: 12 ವೋಲ್ಟಿನದು 11.4ಕ್ಕಿಂತ, 5 ವೋಲ್ಟಿನದು 4.75ಕ್ಕಿಂತ ಕೆಳಗಿದ್ದರೆ ಎಸ್‌ಎಂಪಿಎಸ್ ಬದಲಿಸಿ. ಅಷ್ಟಕ್ಕೆ ಇಳಿಯದಿದ್ದರೂ ನಿರ್ದೋಷಿ ಎಂದಲ್ಲ, ಆ ಕ್ಷಣದ ಕುಸಿತ ಅಲ್ಲಿ ಕಾಣುವುದಿಲ್ಲ. ಬೇರೆಯವರ ಕಂಪ್ಯೂಟರಿಗೆ ನಿಮ್ಮ ಡಿಸ್ಕ್ ಹಾಕಿ ನೋಡುವುದೇ ಖಚಿತವಾದ ದಾರಿ. ಯುಎಸ್‌ಬಿ ಅಡಾಪ್ಟರಿನಲ್ಲಿ ನೋಡುವುದಾದರೆ ಪ್ರತ್ಯೇಕ 12 ವೋಲ್ಟ್ ಪ್ಲಗ್ ಇರುವುದೇ ಬೇಕು, ಬರೀ ಯುಎಸ್‌ಬಿ ತಂತಿಯಿಂದ ಡೆಸ್ಕ್‌ಟಾಪ್ ಡಿಸ್ಕ್ ತಿರುಗುವುದಿಲ್ಲ. ಅಂದ ಹಾಗೆ, ಎಸ್‌ಎಂಪಿಎಸ್‌ನ ಒಳಗೆ ಇರುವೆ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ. ಆದರೆ ಅದನ್ನು ನೀವು ಬಿಚ್ಚಿ ನೋಡಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಒದೆಯುತ್ತದೆ.

ಈಗ ಬಯೋಸ್. ಆನ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್2 ಒತ್ತುತ್ತಿರಿ. ಡಿಸ್ಕುಗಳ ಪಟ್ಟಿಯಲ್ಲಿ ನಿಮ್ಮ 1 ಟಿಬಿಯ ಹೆಸರಿದೆಯೇ? ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಏನು ಮಾಡಿದರೂ ವ್ಯರ್ಥ. ತೊಂದರೆ ಕೇಬಲ್, ಪೋರ್ಟ್, ವಿದ್ಯುತ್, ಡಿಸ್ಕ್ ಈ ನಾಲ್ಕರಲ್ಲೇ ಇದೆ. ಫಾರ್ಮ್ಯಾಟ್ ಮಾಡಿ ಎಂದವರಿಗೆ ಇದನ್ನು ಕೇಳಿ: ಮದರ್‌ಬೋರ್ಡಿಗೇ ಕಾಣದ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಹೇಗೆ? ಹೆಸರು ವಿಚಿತ್ರ ಅಕ್ಷರಗಳಲ್ಲಿದ್ದರೆ ಅಥವಾ ಗಾತ್ರ ಸೊನ್ನೆ ಎಂದಿದ್ದರೆ ಡಿಸ್ಕ್ ತನ್ನೊಳಗಿನ ತಂತ್ರಾಂಶವನ್ನೇ ಓದಿಕೊಳ್ಳಲಾಗದೆ ಇದೆ, ಮನೆಯ ಪ್ರಯತ್ನಗಳನ್ನು ನಿಲ್ಲಿಸಿ. ಅಲ್ಲೇ ತಾರೀಖನ್ನೂ ನೋಡಿ. ಹಳೆಯ ಯಾವುದೋ ವರ್ಷ ತೋರಿಸುತ್ತಿದ್ದರೆ ಬೋರ್ಡಿನ ಸಿಆರ್2032 ಬಟನ್ ಸೆಲ್ ಮುಗಿದಿದೆ, ಮೂರು ದಿನ ಕರೆಂಟಿಲ್ಲದೆ ಬಯೋಸ್ ತನ್ನ ಸೆಟ್ಟಿಂಗ್‌ಗಳನ್ನು ಮರೆತಿದೆ. ಇದರಿಂದ ಸಾಮಾನ್ಯವಾಗಿ ಕೈಕೊಡುವುದು ವಿಂಡೋಸ್ ಇರುವ ಡ್ರೈವ್. ನಿಮ್ಮ ವಿಂಡೋಸ್ ಏಳುತ್ತಿರುವುದರಿಂದ ಮುಖ್ಯ ಕಾರಣ ಇದಲ್ಲ, ಆದರೂ ಸೆಲ್ ಬದಲಿಸಿಬಿಡಿ. ಬಯೋಸ್‌ನಲ್ಲಿ ಬೇರೇನನ್ನೂ ಬದಲಾಯಿಸಲು ಹೋಗಬೇಡಿ. ಡ್ರೈವಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇರುವ ಯಂತ್ರಗಳಲ್ಲಿ ಸಣ್ಣ ಬದಲಾವಣೆಗೂ 48 ಅಂಕಿಗಳ ಕೀಲಿ ಕೇಳಿ ಕುಳಿತುಬಿಡುತ್ತದೆ.

ಬಯೋಸ್‌ನಲ್ಲಿ ಹೆಸರು ಸರಿಯಾಗಿ ಕಂಡರೆ ಅರ್ಧ ಗೆದ್ದಿರಿ. ವಿಂಡೋಸ್‌ನ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕ್ ಇದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಒಂದು ಅಕ್ಷರ ಕೊಡಿ. ಆಫ್‌ಲೈನ್ ಎಂದಿದ್ದರೆ ಆನ್‌ಲೈನ್ ಮಾಡಿ. ಎರಡೂ ನಿರುಪದ್ರವಿ ಕೆಲಸಗಳು. ಆದರೆ ‘ಇನಿಶಿಯಲೈಸ್ ಮಾಡಿ’ ಎಂದೋ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದೋ ಕೇಳಿದರೆ, ಭಾಗದ ಮೇಲೆ ರಾ (RAW) ಎಂದು ಬರೆದಿದ್ದರೆ, ರದ್ದು ಒತ್ತಿ ಹೊರಬನ್ನಿ. ನಿಮ್ಮ ತೋಟ ಇದ್ದಲ್ಲೇ ಇದೆ, ಪಹಣಿಯ ಪುಟ ಮಾತ್ರ ಓದಲಾಗುತ್ತಿಲ್ಲ ಎಂದು ವಿಂಡೋಸ್ ಹೇಳುತ್ತಿದೆ. ಫಾರ್ಮ್ಯಾಟ್ ಎಂದರೆ ಆ ಪುಟವನ್ನು ಹರಿದು, ಈ ಜಾಗ ಖಾಲಿ ಎಂದು ಹೊಸ ಪಹಣಿ ಬರೆಯುವುದು. ಹಳೆಯ ಪುಟವನ್ನು ಓದಲು ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವಿದೆ, ಆದರೆ ಅದನ್ನೂ ಮೂಲ ಡಿಸ್ಕಿನ ಮೇಲಲ್ಲ, ನಕಲಿನ ಮೇಲೆ ಓಡಿಸಬೇಕು. ಡಿಸ್ಕಿನ ದೋಷ ತಿದ್ದುವ ವಿಂಡೋಸ್‌ನ ಚೆಕ್‌ಡಿಸ್ಕ್ ಅಂತೂ ಬೇಡವೇ ಬೇಡ. ಅದಕ್ಕೆ ಬೇಕಾಗಿರುವುದು ಕಡತಗಳ ಪಟ್ಟಿ ಸರಿಯಾಗಿರುವುದು. ನಿಮ್ಮ ಫೋಟೊ ಉಳಿಯಿತೋ ಇಲ್ಲವೋ ಅದರ ಚಿಂತೆಯಲ್ಲ.

ಡಿಸ್ಕ್ ಮಾಯವಾಗದೆ ಉಳಿಯುವ ಹಾಗಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಹಾಕಿ ಸ್ಮಾರ್ಟ್ ವರದಿ ನೋಡಿ, ಅದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ. ಮೂರು ಸಾಲು ಸಾಕು. ಸಿ7 ಎಂಬ ಸಾಲಿನ ಸಂಖ್ಯೆ ದಾರಿಯಲ್ಲಿ ಕೆಟ್ಟ ಮಾಹಿತಿಯ ಲೆಕ್ಕ. ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಕೇಬಲ್ ಅಥವಾ ಕನೆಕ್ಟರ್ ಅಪರಾಧಿ. ಕೇಬಲ್ ಬದಲಿಸಿದ ಮೇಲೂ ಆ ಸಂಖ್ಯೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. 05 ಮತ್ತು ಸಿ5 ಸೊನ್ನೆಯಲ್ಲದಿದ್ದರೆ ತಟ್ಟೆಯ ಮೇಲೆಯೇ ಹುಣ್ಣುಗಳಿವೆ. ಈ ತಂತ್ರಾಂಶ ಸಂಖ್ಯೆಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ, 10 ಎಂದರೆ ಹದಿನಾರು ಎಂದು ಓದಿಕೊಳ್ಳಿ.

ಹುಣ್ಣುಗಳಿದ್ದರೆ ವಿಂಡೋಸ್‌ನಲ್ಲಿ ಎಳೆದು ಹಾಕುವ ನಕಲು ಸಾಲದು, ಓದಲಾಗದ ಒಂದು ಜಾಗ ಸಿಕ್ಕಿದರೆ ಅಲ್ಲೇ ಜೋತುಬೀಳುತ್ತದೆ. ಲಿನಕ್ಸ್ ಇರುವ ಪೆನ್ ಡ್ರೈವ್‌ನಿಂದ ಯಂತ್ರವನ್ನು ಎಬ್ಬಿಸಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ, ಅಷ್ಟೇ ಅಥವಾ ಹೆಚ್ಚು ಗಾತ್ರದ ಹೊಸ ಡಿಸ್ಕಿಗೆ ಇಡೀ ಪ್ರತಿ ತೆಗೆಯಬೇಕು. ಅದು ಸುಲಭವಾಗಿ ಓದಲಾಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ನಮ್ಮ ಜಿಲ್ಲೆಗೆಂದೇ ಮಾಡಿದಂಥ ಗುಣವೂ ಅದಕ್ಕಿದೆ: ಎಲ್ಲಿಯವರೆಗೆ ಬಂದೆ ಎಂದು ಒಂದು ನಕ್ಷೆ ಕಡತದಲ್ಲಿ ಬರೆದಿಡುತ್ತಾ ಹೋಗುತ್ತದೆ. ನಡುವೆ ಮರ ಬಿದ್ದು ಕರೆಂಟ್ ಹೋದರೂ ಮರುದಿನ ಅಲ್ಲಿಂದಲೇ ಮುಂದುವರಿಯಬಹುದು. ಆ ನಕ್ಷೆ ಕಡತವನ್ನು ಮಾತ್ರ ಇನ್ನೊಂದು ಪೆನ್ ಡ್ರೈವ್‌ನಲ್ಲಿಡಿ. ಯಾವುದು ಮೂಲ, ಯಾವುದು ಗುರಿ ಎಂದು ಮೂರು ಸಲ ಓದಿ ಎಂಟರ್ ಒತ್ತಿ. ನಾನೇ ಒಮ್ಮೆ, ರಾತ್ರಿ ಹನ್ನೊಂದಕ್ಕೆ, ಅದಲು ಬದಲು ಮಾಡಿ ನನ್ನದೇ ಎರಡು ವರ್ಷದ ಫೋಟೊಗಳ ಮೇಲೆ ಖಾಲಿ ಡಿಸ್ಕನ್ನು ಬರೆದುಕೊಂಡಿದ್ದೇನೆ.

ಮೋಟರು ಸ್ವಲ್ಪವೂ ಅಲುಗದೆ, ಹಲಗೆಯಿಂದ ಸುಟ್ಟ ವಾಸನೆ ಬಂದರೆ ಮರಳಿ ಬಂದ ಕರೆಂಟಿನ ಹೊಡೆತ ಇರಬಹುದು. ಬಹಳಷ್ಟು ಡಿಸ್ಕುಗಳಲ್ಲಿ ಅಂಥ ಹೊಡೆತವನ್ನು ತಾನು ತಿಂದು ಉಳಿದದ್ದನ್ನು ಕಾಪಾಡುವ ಒಂದು ಡಯೋಡ್ ಇರುತ್ತದೆ. ಬರೀ ಅದು ಸತ್ತಿದ್ದರೆ ತಿಳಿದವರು ಉಳಿಸಿಕೊಡುತ್ತಾರೆ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹಲಗೆ ಕಿತ್ತು ಹಾಕಿದರೆ ಆಯಿತು ಎನ್ನುವವರನ್ನು ನಂಬಬೇಡಿ. ಪ್ರತಿ ಡಿಸ್ಕಿಗೂ ಅದರದೇ ಆದ ಹೊಂದಾಣಿಕೆಯ ಅಂಕಿಗಳು ಹಲಗೆಯ ಚಿಪ್ಪಿನಲ್ಲಿರುತ್ತವೆ, ಆ ಚಿಪ್ಪನ್ನೂ ವರ್ಗಾಯಿಸಬೇಕಾಗುತ್ತದೆ.

ಮನೆಮದ್ದುಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಫ್ರಿಜ್‌ನಲ್ಲಿ ಇಡಬೇಡಿ: ಹೊರಗೆ ತೆಗೆದ ಕೂಡಲೇ ಒಳಗೂ ಹೊರಗೂ ಇಬ್ಬನಿ ಕೂರುತ್ತದೆ. ಡಿಸ್ಕ್ ತೇವದ ಹವೆಯನ್ನು ತಡೆದುಕೊಳ್ಳುತ್ತದೆ, ಹನಿಗಟ್ಟುವುದನ್ನು ತಡೆದುಕೊಳ್ಳುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲೂ ಒಣಗಿಸಬೇಡಿ. ಒಬ್ಬರು ತಂದ ಡಿಸ್ಕ್ ಥೇಟ್ ಹೊಗೆಯಲ್ಲಿಟ್ಟ ಮಾಂಸದ ವಾಸನೆ ಹೊಡೆಯುತ್ತಿತ್ತು. ಮುಚ್ಚಳದ ಮೇಲೆ ಇದನ್ನು ಮುಚ್ಚಬೇಡಿ ಎಂದು ಬರೆದ ಸೂಜಿರಂಧ್ರ ಇರುವುದು ಹವೆ ಆಡಲು, ಹೊಗೆ ಕುಡಿಯಲು ಅಲ್ಲ. ಬೆಟ್ಟದ ಎತ್ತರಕ್ಕೆ ಡಿಸ್ಕ್ ಕೆಡುತ್ತದೆ ಎಂಬ ಮಾತೂ ನನ್ನ ಕಿವಿಗೆ ಬಿದ್ದಿದೆ. ತಯಾರಕರು ಸಾಮಾನ್ಯವಾಗಿ ಸುಮಾರು 3,000 ಮೀಟರ್‌ವರೆಗೆ ಅನುಮತಿಸುತ್ತಾರೆ, 1,748 ಮೀಟರಿನ ತಡಿಯಂಡಮೋಳ್ ತುದಿಯಲ್ಲಿ ಕುಳಿತು ಲೆಕ್ಕ ಬರೆದರೂ ಏನಾಗದು.

ಮಳೆಗಾಲ ಮುಗಿಯುವವರೆಗೆ ಕೆಲಸ ಇರಲಿ ಬಿಡಲಿ ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಓಡಿಸಿ. ಕರೆಂಟ್ ಹೋದ ಕೂಡಲೇ ಪ್ಲಗ್ ತೆಗೆಯಿರಿ, ಮರಳಿ ಬಂದು ಐದು ನಿಮಿಷ ನಿಂತ ಮೇಲೆ ಹಾಕಿ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ಇಂಟರ್‌ನೆಟ್ ತಂತಿಯನ್ನೂ ಕೀಳಬೇಕು, ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ಹೊಸ ಡಿಸ್ಕ್ ಹೇಗೂ ಕೊಳ್ಳಿ, ನಿಮ್ಮದು ಕೇಬಲ್ಲಿನ ದೋಷವೇ ಆಗಿದ್ದರೂ. ಇಂಥ ಕಡತಗಳು ಒಂದೇ ಕಡೆ ಇರಬಾರದು, ಎರಡನೆಯ ಪ್ರತಿ ಅದೇ ಮನೆಯಲ್ಲೂ ಇರಬಾರದು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ. ನಕಲು ಮುಗಿದ ಮೇಲೆ ಹಳೆಯ ಡಿಸ್ಕನ್ನು ಅಂಗಡಿಗೆ ಕೊಡಬೇಡಿ, ಫಾರ್ಮ್ಯಾಟ್ ಕೂಡ ಮಾಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟುಬಿಡಿ. ನಕಲಾದ ಕಡತದ ಹೆಸರು, ಗಾತ್ರ ಸರಿಯಿದ್ದರೂ ಒಳಗೆ ತೂತುಗಳಿರಬಹುದು. ಈ ವರ್ಷ ಪುತ್ತರಿಗೆ ಎಲ್ಲರೂ ಐನ್‌ಮನೆಯಲ್ಲಿ ಸೇರಿದಾಗ ಹಳೆಯ ವಿಡಿಯೊಗಳನ್ನು ಹೊಸ ಡಿಸ್ಕಿನಿಂದ ಹಾಕಿ, ಮೊದಲಿನಿಂದ ಕೊನೆಯವರೆಗೆ, ನಡುವೆ ಓಡಿಸದೆ ನೋಡಿ. ಎಲ್ಲಿಯೂ ತಡೆಯದೆ ಮುಗಿದರೆ ಮರುದಿನ ಹಳೆಯ ಡಿಸ್ಕನ್ನು ಏನು ಬೇಕಾದರೂ ಮಾಡಿಕೊಳ್ಳಿ.